ಕಥನ ಕವನದಲ್ಲಿ ಬಿಗಿ ಎಲ್ಲಿಂದ ಬರುತ್ತದೆ? ತರಗತಿಯಲ್ಲಿ ಹೇಳಿಕೊಡುವ ಒಂದು ದಾರಿ

ಪುಣ್ಯಕೋಟಿ ಸಾಯುವುದಿಲ್ಲ ಅಂತ ತರಗತಿಯಲ್ಲಿ ಕೂತ ಪ್ರತಿ ಮಗುವಿಗೂ ಗೊತ್ತು. ಅಜ್ಜಿ ಹೇಳಿರುತ್ತಾಳೆ, ಅಂಗನವಾಡಿಯಲ್ಲಿ ಹಾಡಿಸಿರುತ್ತಾರೆ, ಮೊಬೈಲಿನಲ್ಲಿ ಕಾರ್ಟೂನ್ ನೋಡಿರುತ್ತಾರೆ. ಆದರೂ ಹಸು ಕರುವನ್ನು ಬಿಟ್ಟು ಹುಲಿಯ ಕಡೆ ಹೊರಟ ಕೂಡಲೇ ಮಕ್ಕಳು ಮಾತು ನಿಲ್ಲಿಸುತ್ತಾರೆ. ಕೊನೆ ಗೊತ್ತಿದ್ದರೂ ಎದೆ ಯಾಕೆ ಹಿಡಿದುಕೊಳ್ಳುತ್ತದೆ? ಕಥನ ಕವನ ಕಲಿಸುವವರು ಈ ಪ್ರಶ್ನೆಯಿಂದಲೇ ಶುರು ಮಾಡಬಹುದು.

ನನಗೆ ಕಂಡ ಉತ್ತರ ಇಷ್ಟು. ಕವಿ ನಮ್ಮನ್ನು ಕಾಯಿಸುತ್ತಾನೆ. ಯಾವ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕು, ಯಾವ ಮಾತನ್ನು ಎಷ್ಟು ಹೊತ್ತು ತಡೆದಿಡಬೇಕು ಅನ್ನುವುದು ಅವನ ಕೈಯಲ್ಲಿದೆ. ಘಟನೆ ಎಷ್ಟೇ ದೊಡ್ಡದಿರಲಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ಬಿಗಿ, ಅಂದರೆ ಆ ಎದೆ ಹಿಡಿದುಕೊಳ್ಳುವ ಅನುಭವ, ಹುಟ್ಟುವುದಿಲ್ಲ. ಹಾಗಾಗಿಯೇ ಸಾರಾಂಶ ಬರೆಸಿ ಮುಗಿಸುವ ಪಾಠದಲ್ಲಿ ಮಕ್ಕಳಿಗೆ ಕಥೆ ಸಿಗುತ್ತದೆ, ಪದ್ಯ ಸಿಗುವುದಿಲ್ಲ. ಸಾರಾಂಶ ಮೊದಲು ಕೈಬಿಡುವುದೇ ಆ ಕಾಯುವಿಕೆಯನ್ನು.

ಮಕ್ಕಳಿಗೆ ಇದನ್ನು ಕಾಣಿಸುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ. 40 ನಿಮಿಷದ ನಾಲ್ಕೈದು ಪೀರಿಯಡ್ ಇದ್ದರೆ ಸಾಕು.

ಮೊದಲು ಪದ್ಯ ಆರಿಸಿಕೊಳ್ಳಿ

ಪ್ರಾಥಮಿಕ ತರಗತಿಗೆ ಪುಣ್ಯಕೋಟಿಯ ಕಥೆ ಹೇಳುವ ಗೋವಿನ ಹಾಡಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಹೈಸ್ಕೂಲಿಗೆ ಉತ್ತರ ಕರ್ನಾಟಕದ ಜನಪದ ಕಥನಗೀತೆ ‘ಕೆರೆಗೆ ಹಾರ’ ತೆಗೆದುಕೊಳ್ಳಿ. ಹಳಗನ್ನಡ ಸ್ವಲ್ಪ ರೂಢಿಯಾದ ಪಿಯುಸಿ ಮಕ್ಕಳಾದರೆ ರನ್ನನ ‘ಗದಾಯುದ್ಧ’ದಿಂದ ನಾಲ್ಕು ಸಾಲಿನ ಒಂದೇ ಒಂದು ಕಂದಪದ್ಯ ಸಾಕು. ಈ ಮೂರನ್ನೇ ಮುಂದೆ ಉದಾಹರಣೆಯಾಗಿ ಬಳಸುತ್ತೇನೆ.

ಜನಪದ ಹಾಡುಗಳಿಗೆ ಪಾಠಾಂತರ ಜಾಸ್ತಿ. ಗೋವಿನ ಹಾಡಿನ ದೀರ್ಘ ರೂಪವೂ ಇದೆ, ಪುಸ್ತಕಗಳಿಗಾಗಿ ಚಿಕ್ಕದು ಮಾಡಿದ ರೂಪವೂ ಇದೆ. ಯಾವುದನ್ನು ತೆಗೆದುಕೊಂಡರೂ ಎಲ್ಲ ಮಕ್ಕಳ ಕೈಯಲ್ಲೂ ಒಂದೇ ರೂಪ ಇರಲಿ. ‘ಕೆರೆಗೆ ಹಾರ’ವನ್ನು ಮಾತ್ರ ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಓದಬೇಡಿ. ನಿಮಗೆ ಆ ಕಡೆಯ ಮಾತು ಬರದಿದ್ದರೆ, ಬರುವ ವಿದ್ಯಾರ್ಥಿಯಿಂದಲೋ ಸಹೋದ್ಯೋಗಿಯಿಂದಲೋ ಓದಿಸಿ.

ಓದಿ, ನಡುವೆ ನಿಲ್ಲಿಸಿ

ಮೊದಲ ಓದು ನಿಮ್ಮದೇ ಆಗಲಿ. ಪುಸ್ತಕ ಮುಚ್ಚಿಸಿ. ಕಠಿಣ ಪದಗಳ ಅರ್ಥ ಆಮೇಲೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿರಿ. ಗೋವಿನ ಹಾಡಿನಲ್ಲಿ ನಾನು ನಿಲ್ಲಿಸುವ ಜಾಗಗಳು ಮೂರು. ಹುಲಿ ಅಡ್ಡಗಟ್ಟಿದಾಗ. ಕಂದನಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಹಸು ಕೇಳಿ, ನೀನು ಮತ್ತೆ ಬರುತ್ತೀಯಾ ಅಂತ ಹುಲಿ ಅನುಮಾನಪಟ್ಟಾಗ. ಆಮೇಲೆ ಹಸು ಗವಿಯ ಮುಂದೆ ಬಂದು ನಿಂತಾಗ.

ನಿಲ್ಲಿಸಿದಾಗ ‘ಮುಂದೇನಾಗುತ್ತದೆ?’ ಅಂತ ಕೇಳಬೇಡಿ. ಉತ್ತರ ಅವರಿಗೆ ಗೊತ್ತು, ಕೂಗಿ ಹೇಳುತ್ತಾರೆ, ಮುಗಿಯಿತು. ಬದಲಿಗೆ ಹೀಗೆ ಕೇಳಿ: ‘ಈ ಕ್ಷಣದಲ್ಲಿ ಜಾಸ್ತಿ ಹೆದರಿದವರು ಯಾರು?’ ‘ನೀವು ಯಾರ ಪರವಾಗಿ ಕಾಯುತ್ತಿದ್ದೀರಿ?’ ‘ಈಗ ಯಾವ ಒಂದು ಮಾತು ಬೇಗ ಬಂದುಬಿಡಲಿ ಅನ್ನಿಸುತ್ತಿದೆ?’ ಒಂದೊಂದು ಸಾಲಿನ ಉತ್ತರ ಸಾಕು. ಅದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ.

ಎರಡನೆಯ ಮತ್ತು ಮೂರನೆಯ ನಿಲುಗಡೆಯ ನಡುವೆ ಏನಿದೆ ಅಂತ ಮಕ್ಕಳಿಂದಲೇ ಹುಡುಕಿಸಿ. ಕಥೆಯ ಲೆಕ್ಕದಲ್ಲಿ ಅಲ್ಲಿ ನಡೆಯುವುದು ತೀರಾ ಕಡಿಮೆ. ಹಸು ಮನೆಗೆ ಹೋಗುತ್ತದೆ, ಮರಳಿ ಬರುತ್ತದೆ, ಅಷ್ಟೆ. ಹಾಡು ಮಾತ್ರ ಅಲ್ಲೇ ತಂಗುತ್ತದೆ. ಕರು ಕೇಳುತ್ತದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರ ಸೇರಿ ಬದುಕಲಮ್ಮ
ಆರು ನನಗೆ ಹಿತವರು

ಆಮೇಲೆ ಹಸು ಉಳಿದ ಹಸುಗಳನ್ನು ಅಮ್ಮ, ಅಕ್ಕ ಅಂತ ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ಈ ತಬ್ಬಲಿಯನ್ನು ನಿಮ್ಮ ಕಂದನೆಂದು ಕಾಣಿರಿ ಅಂತ ಬೇಡಿಕೊಳ್ಳುತ್ತದೆ. ಹುಲಿ ಕಣ್ಣೆದುರಿಗಿಲ್ಲ, ಘರ್ಜನೆ ಇಲ್ಲ. ಆದರೂ ಇಡೀ ಹಾಡಿನಲ್ಲಿ ಜಾಸ್ತಿ ಬಿಗಿ ಇರುವುದು ಇಲ್ಲಿ. ಯಾಕೆಂದರೆ ಒಂದೊಂದು ಮಾತೂ ಹೊರಡುವ ಹೊತ್ತನ್ನು ಮುಂದಕ್ಕೆ ಹಾಕುತ್ತದೆ. ಮೊದಲನೆಯ ಮೂರು ಸಾಲಿನಲ್ಲಿ ‘ಆರ’, ‘ಆರ’, ‘ಆರ’ ಅಂತ ಬಂದ ಪ್ರಶ್ನೆಗೆ ತಾಯಿ ಹತ್ತಿರ ಉತ್ತರವಿಲ್ಲ. ಹೊಡೆದಾಟ ಇದ್ದಲ್ಲೇ ಬಿಗಿ ಇರುತ್ತದೆ ಅಂತ ಸಿನಿಮಾ ನೋಡಿ ಬೆಳೆದ ಮಕ್ಕಳು ನಂಬಿರುತ್ತಾರೆ. ಅದು ಹಾಗಲ್ಲ ಅಂತ ಅವರ ಕೈಯಲ್ಲೇ ಇರುವ ಹಾಡಿನಿಂದ ತೋರಿಸಬಹುದು.

ಯಾರಿಗೆ ಏನು ಗೊತ್ತು?

ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಹಂತ ಇದು. ಇದಕ್ಕೆ ‘ಕೆರೆಗೆ ಹಾರ’ವೇ ಸರಿ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಕೆರೆಗೆ ನೀರು ಬರುವುದಿಲ್ಲ. ಸೊಸೆಯನ್ನು ಕೆರೆಗೆ ಹಾರ, ಅಂದರೆ ಬಲಿ, ಕೊಡಬೇಕು ಅಂತ ಜೋಯಿಸರ ಮಾತು. ಕಿರಿಸೊಸೆ ಭಾಗೀರತಿಯನ್ನು ಕೊಡುವುದೆಂದು ಮನೆಯವರು ತೀರ್ಮಾನಿಸುತ್ತಾರೆ. ಅವಳ ಗಂಡ ದಂಡಿನಲ್ಲಿದ್ದಾನೆ. ಸುದ್ದಿ ತಿಳಿದ ಭಾಗೀರತಿ ತವರಿಗೆ ಹೋಗುತ್ತಾಳೆ. ಕಣ್ಣಲ್ಲಿ ನೀರು ಯಾಕೆ ಅಂತ ಹೆತ್ತವರು ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ನಿಜ ಹೇಳುವುದಿಲ್ಲ. ಆಮೇಲೆ ಗೆಳತಿಯ ಮನೆಗೆ ಹೋಗುತ್ತಾಳೆ. ಅಲ್ಲಿ ಮಾತ್ರ ಬಾಯಿ ಬಿಡುತ್ತಾಳೆ. ಮತ್ತೆ ಗಂಡನ ಮನೆಗೇ ಬರುತ್ತಾಳೆ.

ಬೋರ್ಡಿನ ಮೇಲೆ ಒಂದು ಪಟ್ಟಿ ಎಳೆಯಿರಿ. ಎಡಕ್ಕೆ ಹೆಸರುಗಳು: ಮಾವ, ಅತ್ತೆ, ಭಾಗೀರತಿ, ಅವಳ ಅಪ್ಪ, ಅವ್ವ, ಗೆಳತಿ, ಗಂಡ, ಕೊನೆಗೆ ‘ನಾವು’. ಮೇಲೆ ದೃಶ್ಯಗಳು: ತೀರ್ಮಾನ, ತವರು, ಗೆಳತಿಯ ಮನೆ, ಕೆರೆಯ ಪೂಜೆ, ಗಂಡ ಮರಳಿದ್ದು. ಪ್ರತಿ ದೃಶ್ಯದಲ್ಲಿ ಯಾರಿಗೆ ನಿಜ ಗೊತ್ತಿದೆಯೋ ಅವರ ಹೆಸರಿನ ಚೌಕದಲ್ಲಿ ಗುರುತು ಹಾಕಿಸಿ. ಹತ್ತು ನಿಮಿಷದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ‘ನಾವು’ ಅನ್ನುವ ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೂ ಗುರುತಿದೆ. ಅಪ್ಪನ ಸಾಲು ಖಾಲಿ. ಗಂಡನ ಸಾಲು ಕೊನೆಯ ತನಕ ಖಾಲಿ.

ಈಗ ತವರಿನ ದೃಶ್ಯವನ್ನು ಮತ್ತೆ ಓದಿ. ಬೇರೆ ಇಟ್ಟರೆ ಇಡಲಿ, ನಾನು ಹೊಲ ಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಎಷ್ಟು ಪ್ರೀತಿಯ ಮಾತು! ಅದನ್ನು ಕೇಳಿ ನಮಗೆ ಕರುಳು ಹಿಂಡುವುದು ಯಾಕೆ? ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಅದಕ್ಕೆ. ಅವನು ಕೊಡುವ ಹೊಲದಿಂದ ಏನೂ ಆಗುವುದಿಲ್ಲ ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು. ಅವಳು ಒಂದು ಮಾತು ಹೇಳಿಬಿಟ್ಟಿದ್ದರೆ ಈ ದೃಶ್ಯ ಜಗಳವಾಗುತ್ತಿತ್ತು, ಅಳುವಾಗುತ್ತಿತ್ತು. ಹೇಳದೆ ಇದ್ದದ್ದರಿಂದ ಆ ಭಾರ ನಮ್ಮ ಮೇಲೆ ಬಂದು ಕೂರುತ್ತದೆ.

ಗಂಡ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನಲ್ಲ, ಆ ಭಾಗದಲ್ಲಿ ಇದೇ ಆಟ ಇನ್ನೊಂದು ಸುತ್ತು ನಡೆಯುತ್ತದೆ. ಅವಳು ಹೋದ ದಾರಿಯಲ್ಲೇ ಅವನೂ ಹುಡುಕಿಕೊಂಡು ಹೋಗುತ್ತಾನೆ. ಮನೆಯವರು ನಿಜ ಮುಚ್ಚಿಡುತ್ತಾರೆ. ನಿಜ ಸಿಗುವುದು ಗೆಳತಿಯ ಮನೆಯಲ್ಲೇ. ಮೊದಲ ಸಲ ಅವಳ ಸಾವಿಗೆ ಕಾದೆವು, ಎರಡನೆಯ ಸಲ ಅವನಿಗೆ ತಿಳಿಯುವ ಗಳಿಗೆಗೆ ಕಾಯುತ್ತೇವೆ. ಎರಡೂ ಪ್ರಯಾಣಗಳನ್ನು ಪಕ್ಕಪಕ್ಕ ಬರೆಸಿದರೆ ಮಕ್ಕಳಿಗೇ ಹೊಳೆಯುತ್ತದೆ, ನೀವು ಹೇಳಬೇಕಾಗಿಲ್ಲ.

ಈ ಹಾಡು ಓದುವಾಗ ಕೆಲವು ಹುಡುಗಿಯರು ಸಿಟ್ಟಾಗುತ್ತಾರೆ. ‘ಅವಳು ಓಡಿಹೋಗಬಾರದಿತ್ತಾ?’ ‘ಹಿರಿಸೊಸೆಯನ್ನು ಯಾಕೆ ಬಿಟ್ಟರು?’ ಅಂತ ಕೇಳುತ್ತಾರೆ. ಕೇಳಲಿ. ಅದನ್ನು ತ್ಯಾಗ ಅನ್ನುವ ಒಂದು ಮಾತಿನಿಂದ ಮುಚ್ಚಿಬಿಡಬೇಡಿ. ಹಾಡು ಮಾವನನ್ನು ಬೈಯುವುದಿಲ್ಲ, ಭಾಗೀರತಿಯ ಮನಸ್ಸಿನೊಳಗೆ ಏನಾಯಿತು ಅಂತ ವಿವರಿಸುವುದೂ ಇಲ್ಲ. ಅವಳ ಕಣ್ಣೀರು ತೋರಿಸಿ, ಅದಕ್ಕೆ ಅವಳು ಕೊಟ್ಟ ನೆಪ ತೋರಿಸಿ ಮುಂದೆ ಹೋಗುತ್ತದೆ. ಆ ಹೇಳದೆ ಬಿಟ್ಟ ಜಾಗಕ್ಕೆ ಮಕ್ಕಳ ಸಿಟ್ಟು ಬಂದು ನಿಂತಿದೆ. ಹಾಡುಗಾರ್ತಿಯರು ಬೇಕೆಂದೇ ಬಿಟ್ಟ ಜಾಗ ಅದು ಅಂತ ನನ್ನ ನಂಬಿಕೆ.

ಒಂದೊಂದೇ ಮೆಟ್ಟಿಲು

ಪೂಜೆ ಮುಗಿಸಿ ಹೊರಟ ಮೇಲೆ ಬಂಗಾರದ ಬಟ್ಟಲು ಕೆರೆಯಲ್ಲಿ ಉಳಿದಿರುತ್ತದೆ. ತರಲು ಭಾಗೀರತಿ ಇಳಿಯುತ್ತಾಳೆ. ಅವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುವಾಗ ನೀರು ಪಾದಕ್ಕೆ ಬರುತ್ತದೆ, ಮೊಣಕಾಲಿಗೆ ಬರುತ್ತದೆ, ನಡುವಿಗೆ ಬರುತ್ತದೆ, ಕೊನೆಗೆ ತುಂಬಿ ಹರಿಯುತ್ತದೆ. ಅವಳು ಕೆರೆಗೆ ಹಾರವಾದಳು ಅಂತ ಒಂದು ಸಾಲು. ಅಷ್ಟೆ. ಅವಳು ಕೂಗಿದಳಾ, ಯಾರಾದರೂ ನೋಡಿದರಾ, ಒಂದೂ ಇಲ್ಲ.

ಈ ಭಾಗವನ್ನು ಮಕ್ಕಳು ಎದ್ದು ನಿಂತು ಓದಲಿ. ಒಬ್ಬೊಬ್ಬರಿಗೆ ಒಂದೊಂದು ಸಾಲು. ವಾಕ್ಯದ ಅಚ್ಚು ಒಂದೇ, ಬದಲಾಗುವುದು ಎರಡೇ ಪದ: ಮೆಟ್ಟಿಲಿನ ಲೆಕ್ಕ ಮತ್ತು ನೀರು ಮುಟ್ಟಿದ ಜಾಗ. ಮೂರನೆಯ ಸಾಲಿನ ಹೊತ್ತಿಗೆ ಅಚ್ಚು ಕಿವಿಗೆ ಕೂತಿರುತ್ತದೆ. ಮುಂದಿನ ಸಾಲಿನಲ್ಲಿ ನೀರು ಎಲ್ಲಿಗೆ ಬರುತ್ತದೆ ಅಂತ ಕೇಳುಗರಿಗೆ ಮೊದಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಆ ಸಾಲನ್ನು ಕೇಳಲೇಬೇಕು, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಒಂದು ಪ್ರಯೋಗ ಮಾಡಿ. ಒಂದು ಗುಂಪಿಗೆ ಈ ಭಾಗವನ್ನು ‘ನೀರು ಏರಿತು, ಭಾಗೀರತಿ ಮುಳುಗಿದಳು’ ಅಂತ ಒಂದೇ ವಾಕ್ಯಕ್ಕೆ ಇಳಿಸಲು ಹೇಳಿ. ಇನ್ನೊಂದು ಗುಂಪು ಅದನ್ನೇ ಹತ್ತು ಮೆಟ್ಟಿಲಿಗೆ ಹಿಗ್ಗಿಸಲಿ. ಎರಡನ್ನೂ ಓದಿಸಿ. ಒಂದು ವಾಕ್ಯದ್ದು ಪೇಪರಿನ ಸುದ್ದಿಯ ಹಾಗೆ ಕೇಳುತ್ತದೆ. ಹತ್ತು ಮೆಟ್ಟಿಲಿನದ್ದು ಆರೇಳರ ಹೊತ್ತಿಗೆ ಬೇಸರ ಬರಿಸುತ್ತದೆ. ತಡಮಾಡುವುದಕ್ಕೂ ಒಂದು ಅಳತೆ ಇದೆ, ಜನಪದರ ಕಿವಿಗೆ ಅದು ಗೊತ್ತಿತ್ತು.

ಚಪ್ಪಾಳೆ ತಟ್ಟಿ ನೋಡಿ

ಛಂದಸ್ಸು ಅಂದ ಕೂಡಲೇ ಮಕ್ಕಳು ಲಘು ಗುರು ಗುರುತು ಹಾಕಿ, ಹೆಸರು ಬರೆದು, ಅಂಕ ತೆಗೆದುಕೊಂಡು ಮರೆತುಬಿಡುತ್ತಾರೆ. ಅದಕ್ಕೂ ಬಿಗಿಗೂ ಸಂಬಂಧ ಇದೆ ಅಂತ ಯಾರೂ ಹೇಳಿರುವುದಿಲ್ಲ. ಗೋವಿನ ಹಾಡಿನಲ್ಲಿ ಮರಳಿ ಬಂದ ಹಸು ಹುಲಿಗೆ ಹೇಳುವ ಈ ಚರಣ ತೆಗೆದುಕೊಳ್ಳಿ:

ಖಂಡವಿದೆಕೋ ಮಾಂಸವಿದೆಕೋ
ಗುಂಡಿಗೆಯ ಬಿಸಿರಕ್ತವಿದೆಕೋ
ಚಂಡವ್ಯಾಘ್ರನೆ ನೀನಿದೆಲ್ಲವ
ನುಂಡು ಸಂತಸದಿಂದಿರು

ಮೊದಲ ಸಾಲನ್ನು ಖಂಡ, ವಿದೆಕೋ, ಮಾಂಸ, ವಿದೆಕೋ ಅಂತ ಒಡೆಯಿರಿ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). ಪ್ರತಿ ತುಂಡಿಗೆ ಒಂದು ಚಪ್ಪಾಳೆ. ಎರಡನೆಯ ಸಾಲಿಗೂ ಹೀಗೆಯೇ. ಹುಲಿಯನ್ನು ಕರೆಯುವ ಮೂರನೆಯ ಸಾಲು ಬಾಯಲ್ಲಿ ಸ್ವಲ್ಪ ತೂಕವಾಗಿ ಬರುತ್ತದೆ, ಆದರೂ ನಾಲ್ಕು ಚಪ್ಪಾಳೆಗೆ ಸರಿಹೋಗುತ್ತದೆ. ಕೊನೆಯ ಸಾಲಿಗೆ ಬನ್ನಿ: ನುಂಡು, ಸಂತಸ, ದಿಂದಿ, ಆಮೇಲೆ ಬರೀ ‘ರು’. ನಾಲ್ಕನೆಯ ತುಂಡು ತುಂಬುವ ಮೊದಲೇ ಮಾತು ನಿಂತುಹೋಗುತ್ತದೆ. ಆ ಉಳಿದ ಜಾಗದಲ್ಲಿ ಮೌನ ಇದೆ. ಹಾಡಿನ ಬಹಳಷ್ಟು ಚರಣಗಳು ಹೀಗೆಯೇ ಮುಗಿಯುತ್ತವೆ. ಪ್ರತಿ ಚರಣವೂ ಸ್ವಲ್ಪ ಮುಂಚೆಯೇ ನಿಂತು ಮುಂದಿನದಕ್ಕೆ ಕಾಯಿಸುತ್ತದೆ.

ಇನ್ನೊಂದನ್ನು ಗಮನಿಸಲು ಹೇಳಿ. ಮೂರನೆಯ ಸಾಲು ‘ನೀನಿದೆಲ್ಲವ’ ಅಂತ ನಿಲ್ಲುತ್ತದೆ. ಇದೆಲ್ಲವನ್ನು ಏನು ಮಾಡಬೇಕು? ಆ ಮಾತು ಮುಂದಿನ ಸಾಲಿನಲ್ಲಿದೆ, ಅದೂ ಪದವನ್ನೇ ಮುರಿದು: ‘ನುಂಡು’. ತಿನ್ನು ಅನ್ನುವ ಮಾತು ಬರುವ ಮುಂಚೆ ಒಂದು ಉಸಿರಿನ ಅಂತರ. ಓದುವಾಗ ಅಲ್ಲಿ ಕಣ್ಣಿಗೆ ಕಾಣುವಷ್ಟು ನಿಲ್ಲಿ.

ಈ ಚರಣದ ನಂತರ ಒಂದು ಪ್ರಶ್ನೆ ಕೇಳದೆ ಮುಂದೆ ಹೋಗಬೇಡಿ: ‘ಈಗ ಇಕ್ಕಟ್ಟಿನಲ್ಲಿರುವುದು ಯಾರು?’ ಇಲ್ಲಿಯವರೆಗೆ ಹಸುವಿಗಾಗಿ ಹೆದರಿದ್ದೆವು. ಅವಳು ತನ್ನ ಮಾತು ನಡೆಸಿಯಾಯಿತು, ಅವಳ ಪಾಲಿನದು ಮುಗಿಯಿತು. ಈಗ ಏನಾದರೂ ಮಾಡಬೇಕಾದದ್ದು ಹುಲಿ. ಅಷ್ಟು ಹೊತ್ತು ಹಸುವಿನ ಮೇಲಿದ್ದ ಭಾರ ನಾಲ್ಕು ಸಾಲಿನಲ್ಲಿ ಹುಲಿಯ ಮೇಲೆ ಹೋಗಿಬಿಟ್ಟಿದೆ. ಹುಲಿ ಪ್ರಾಣ ಬಿಡುವುದು ಮಕ್ಕಳಿಗೆ ಯಾಕೆ ಸುಳ್ಳು ಅನ್ನಿಸುವುದಿಲ್ಲ ಅನ್ನುವುದಕ್ಕೆ ಕಾರಣ ಇಲ್ಲಿದೆ.

ಆರು ಸಾಲಿನ ಭಾಮಿನಿ ಷಟ್ಪದಿ ಓದಿದ ಮಕ್ಕಳಾದರೆ ಇದೇ ಮೂರು-ನಾಲ್ಕರ ನಡಿಗೆ ಕುಮಾರವ್ಯಾಸನಲ್ಲೂ ಇದೆ ಅಂತ ನೆನಪಿಸಿ. ಅಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದ. ಗೋವಿನ ಹಾಡು ಸಾಲನ್ನು ಮೊಟಕುಮಾಡಿ ಕಾಯಿಸುತ್ತದೆ, ಷಟ್ಪದಿ ಸಾಲನ್ನು ಬೆಳೆಸಿ ಕಾಯಿಸುತ್ತದೆ.

ಒಂದೇ ವಾಕ್ಯದೊಳಗಿನ ಕಾಯುವಿಕೆ

ಇದು ದೊಡ್ಡ ಮಕ್ಕಳಿಗೆ. 10ನೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಬರೆದದ್ದು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ.

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಅರ್ಥ ಸರಳ. ಸಿಂಹದ ಗರ್ಜನೆಯನ್ನು ಗೆದ್ದ, ಗುಡುಗನ್ನೂ ಮೀರಿದ ಆ ಸದ್ದನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾದ ದುರ್ಯೋಧನ ನೀರೊಳಗಿದ್ದರೂ ಬೆವರಿದ.

ಪದಗಳ ಸರದಿ ನೋಡಿಸಿ. ಮೊದಲು ಬರುವುದು ಸದ್ದು. ಅದನ್ನೇ ಮೂರು ಸಲ ಹೇಳುತ್ತಾನೆ, ಪ್ರತಿ ಸಲವೂ ದೊಡ್ಡದಾಗಿ. ಕೇಳಿದವನು ಯಾರು? ಇನ್ನೂ ಹೇಳಿಲ್ಲ. ಕೆಂಪಾದ ಕಣ್ಣು ಮಾತ್ರ ಕಾಣುತ್ತದೆ. ನೀರೊಳಗಿದ್ದರೂ ಅನ್ನುತ್ತಾನೆ. ಏನಾಯಿತು? ಬೆವರಿದ. ಹಾವಿನ ಬಾವುಟದವನು ಅನ್ನುವ ಹೆಸರು ಕಟ್ಟಕಡೆಯ ಪದ. ಸಾಲಿನ ತುದಿಯಲ್ಲಿ ‘ಕಂಠೀರವ’ವೂ ‘ಕೋಪಾರುಣ’ವೂ ಮುರಿದಿವೆ, ಹಾಗಾಗಿ ಎಲ್ಲೂ ನಿಲ್ಲಲು ಬಿಡುವುದಿಲ್ಲ. ಮಕ್ಕಳಿಗೆ ಇದನ್ನು ‘ದುರ್ಯೋಧನ ಬೆವರಿದ’ ಅಂತ ಶುರುವಾಗುವ ಹಾಗೆ ತಿರುಗಿಸಿ ಬರೆಯಲು ಹೇಳಿ. ವ್ಯಾಕರಣ ಸರಿ ಇರುತ್ತದೆ, ಜೀವ ಹೋಗಿರುತ್ತದೆ. ಕ್ರಿಯಾಪದವನ್ನೂ ಕರ್ತೃವನ್ನೂ ಕೊನೆಗೆ ಇಟ್ಟುಕೊಳ್ಳುವ ಅನುಕೂಲ ನಮ್ಮ ಭಾಷೆಯಲ್ಲಿ ಎಷ್ಟು ಇದೆ ಅಂತ ಈ ಒಂದು ಪದ್ಯದಿಂದ ಗೊತ್ತಾಗುತ್ತದೆ.

ಈಗ ಅವರೇ ಬರೆಯಲಿ

ವಿಷಯ ಚಿಕ್ಕದಿರಲಿ. ರಾಜ, ಯುದ್ಧ, ದೆವ್ವ ಬೇಡ. ಕೊನೆಯ ಬಸ್ಸಿಗೆ ಕಾದದ್ದು, ರಿಸಲ್ಟ್ ನೋಡಲು ಹೋದದ್ದು, ಮಳೆಯಲ್ಲಿ ಹಳ್ಳ ದಾಟಿದ್ದು, ಆಸ್ಪತ್ರೆಯ ಬಾಗಿಲ ಮುಂದೆ ಕೂತದ್ದು, ಇಂಥವು. ಹನ್ನೆರಡು ಸಾಲು. ಕಟ್ಟಳೆ ನಾಲ್ಕೇ:

- ಕೊನೆಗೆ ಏನಾಗುತ್ತದೆ ಅನ್ನುವುದು ಮೊದಲ ಎರಡು ಸಾಲಿನಲ್ಲೇ ಓದುಗರಿಗೆ ಗೊತ್ತಾಗಬೇಕು.
- ಕವನದೊಳಗಿನ ಒಬ್ಬರಿಗಾದರೂ ಅದು ಗೊತ್ತಿರಬಾರದು.
- ಭಯ, ಹೆದರಿಕೆ, ಆತಂಕ, ಗಾಬರಿ ಅನ್ನುವ ಪದ ಬಳಸುವಂತಿಲ್ಲ.
- ಒಂದು ವಾಕ್ಯದ ಅಚ್ಚು ಕನಿಷ್ಠ ಮೂರು ಸಲ ಬರಬೇಕು, ಪ್ರತಿ ಸಲ ಏನಾದರೂ ಒಂದು ಏರಬೇಕು ಅಥವಾ ಹತ್ತಿರವಾಗಬೇಕು.

ಛಂದಸ್ಸು ಕೂರಲೇಬೇಕೆಂದಿಲ್ಲ. ಶುರು ಮಾಡಲು ತಡವರಿಸಿದರೆ ಇಂಥದ್ದೊಂದನ್ನು ಬೋರ್ಡಿನಲ್ಲಿ ಬರೆದು, ಮುಂದೆ ಅವರಿಗೆ ಬಿಡಿ:

ಕೊನೆಯ ಬಸ್ಸು ಹೋಗಿ ಆಯ್ತು, ಅವಳಿಗದು ತಿಳಿದಿಲ್ಲ
ಚೀಲದಲ್ಲಿ ಅಪ್ಪನ ಮದ್ದು, ಕೈಯಲ್ಲೊಂದು ಛತ್ರಿ
ಮೊದಲ ಬೆಳಕು ದೂರದಲ್ಲಿ: ಲಾರಿ, ನಿಲ್ಲಲಿಲ್ಲ
ಎರಡನೆ ಬೆಳಕು ಸೇತುವೆವರೆಗೆ ಬಂದು ತಿರುಗಿ ಹೋಯ್ತು
ಮೂರನೆ ಬೆಳಕು…

ಮೂರನೆಯ ಬೆಳಕು ಯಾವುದು ಅಂತ ಮೂವತ್ತು ಮಕ್ಕಳು ಮೂವತ್ತು ರೀತಿ ಬರೆಯುತ್ತಾರೆ. ಓದಿಸುವಾಗ ಬರೆದವರು ಸುಮ್ನೆ ಕೇಳಲಿ, ಪಕ್ಕದವರು ಓದಲಿ. ಓದುವವರು ಎಲ್ಲಿ ತಾವಾಗಿಯೇ ನಿಧಾನ ಮಾಡಿದರು, ಎಲ್ಲಿ ಓಡಿದರು ಅಂತ ಬರೆದವರು ಗುರುತು ಹಾಕಿಕೊಳ್ಳಲಿ. ತಿದ್ದಬೇಕಾದ ಜಾಗ ಅದರಿಂದಲೇ ತಿಳಿಯುತ್ತದೆ, ಅಲ್ವಾ?

ಪರೀಕ್ಷೆಯಲ್ಲಿ ಏನು ಕೇಳಬೇಕು

‘ಪದ್ಯದ ಸಾರಾಂಶವನ್ನು ಬರೆಯಿರಿ’ ಅಂತ ಕೇಳಿದರೆ ಇಷ್ಟು ದಿನ ಮಾಡಿದ್ದೆಲ್ಲ ಒಂದೇ ಏಟಿಗೆ ವ್ಯರ್ಥ. ಎಂಟು ಹತ್ತು ಸಾಲು ಕೊಟ್ಟು, ಕವಿ ಎಲ್ಲಿ ತಡೆಹಿಡಿದಿದ್ದಾನೆ, ಹೇಗೆ ಗೊತ್ತಾಯಿತು ಅಂತ ಕೇಳಿ. ಉತ್ತರದಲ್ಲಿ ಪದ್ಯದ ಪದವೊಂದನ್ನು ತೋರಿಸಿದ್ದರೆ ಮಾತ್ರ ಪೂರ್ತಿ ಅಂಕ. ‘ಕವಿಯು ಮನಮುಟ್ಟುವಂತೆ ವರ್ಣಿಸಿದ್ದಾನೆ’ ಅನ್ನುವ ವಾಕ್ಯಕ್ಕೆ ಅಂಕ ಇಲ್ಲ ಅಂತ ಮೊದಲೇ ಹೇಳಿಬಿಡಿ. ಗೈಡ್ ಪುಸ್ತಕದಲ್ಲಿ ಇರದ ಉತ್ತರ ಬಂದರೆ ಅದಕ್ಕೆ ಒಂದಂಕ ಜಾಸ್ತಿ ಕೊಡಿ. ತರಗತಿಯಲ್ಲಿ ಓದದ ಪದ್ಯವನ್ನು ಕೊಟ್ಟರೆ ಇನ್ನೂ ಒಳ್ಳೆಯದು. ಮಗುವಿಗೆ ಮನೆಯಲ್ಲಿ ಅಜ್ಜಿ ಹಾಡುವ ಹಾಡು ಗೊತ್ತಿದ್ದರೆ ಅದರ ಮೇಲೆ ಬರೆಯಲೂ ಬಿಡಬಹುದು. ಆಗ ಹಾಡಿನ ಸಾಲುಗಳನ್ನು ಮೊದಲು ಬರೆದುಕೊಂಡು ಬರಲು ಹೇಳಿ, ಇಲ್ಲದಿದ್ದರೆ ನಿಮಗೆ ಅಂಕ ಹಾಕುವುದು ಕಷ್ಟವಾಗುತ್ತದೆ.